ಹೆಣ ನರಳಬಾರದು

ಒಳಗಿನಿಂದ ಬೋಲ್ಟು ಹಾಕಿದ ಕೋಣೆ, ಒಳಗೊಂದು ಹೆಣ, ಕಿಟಕಿಗೆ ಸರಳು, ಕೊಲೆಗಾರ ಮಾತ್ರ ನಾಪತ್ತೆ. ಈ ಒಂದೇ ಸಂಗತಿಯನ್ನು ಹಿಂದು ಮುಂದು ಮಾಡಿ, ತಿರುವಿ ಹಾಕಿ, ನನ್ನ ಗಂಡ ನಲವತ್ತಕ್ಕೂ ಮೀರಿ ಪತ್ತೇದಾರಿ ಕಾದಂಬರಿ ಬರೆದಿದ್ದಾರೆ. ಬಸ್ ನಿಲ್ದಾಣದ ಅಂಗಡಿಗಳಲ್ಲಿ ಬಿಸ್ಕತ್ತು ಪೊಟ್ಟಣಗಳ ಪಕ್ಕದಲ್ಲಿ ಕ್ಲಿಪ್ಪು ಹಾಕಿ ನೇತುಬಿಟ್ಟಿರುತ್ತಾರಲ್ಲ, ಅವೇ. ಇಳಿಯುವ ನಿಲ್ದಾಣ ಬಂದರೂ ಜನ ಇಳಿಯದೆ ಓದುತ್ತಾರೆ ಎಂದು ಇವರು ಹೇಳಿಕೊಳ್ಳುತ್ತಾರೆ. ಓದಲಿ, ಬೇಡ ಎಂದವರು ಯಾರು? ನಾನು ಮಾತ್ರ ಅವುಗಳ ಮುಖಪುಟ ಕಂಡರೇ ಮಗುಚಿ ಇಡುತ್ತೇನೆ.

ಮದುವೆಯಾದ ಹೊಸತರಲ್ಲಿ ನಾನೂ ಓದಿದವಳೇ. ಗಂಡ ಬರೆದದ್ದು ಎಂದು ಆಸೆಯಿಂದ ಓದಿದೆ. ಒಂದರಲ್ಲಿ ಸತ್ತವನ ಬಗ್ಗೆ ಇದ್ದದ್ದು ಒಂದೇ ಸಾಲು: ನಡುವಯಸ್ಸು, ದಢೂತಿ ದೇಹ. ಬೋಲ್ಟಿನ ಬಗ್ಗೆ ಮಾತ್ರ ಪುಟಗಟ್ಟಲೆ. ಹಿತ್ತಾಳೆಯದೋ ಕಬ್ಬಿಣದ್ದೋ, ಎಣ್ಣೆ ಬಿಟ್ಟಿದ್ದರೋ ಇಲ್ಲವೋ, ಎಷ್ಟು ಬಿಗಿ, ಯಾವ ಕಡೆಗೆ ಜಾರುತ್ತದೆ, ಎಲ್ಲ ಇತ್ತು.

"ಅಲ್ಲಾ ರೀ, ಆ ದಢೂತಿ ಮನುಷ್ಯನಿಗೆ ಹೆಂಡ್ತಿ ಮಕ್ಕಳು ಯಾರೂ ಇರ್ಲಿಲ್ವಾ?" ಎಂದು ಕೇಳಿದೆ.

"ಇದ್ರೆ ಅವರು ಅಳ್ತಾರೆ. ಅವರು ಅತ್ರೆ ಕಥೆ ನಿಂತುಹೋಗತ್ತೆ," ಎಂದರು.

ಅಂದಿನಿಂದ ನಾನು ಓದುವುದನ್ನು ಬಿಟ್ಟೆ. ಒಬ್ಬ ಮನುಷ್ಯ ಸತ್ತು ಬಿದ್ದಿದ್ದಾನೆ, ಮನೆಯವರು ಮೂಲೆಗೊಬ್ಬರು ನಿಂತಿದ್ದಾರೆ, ಪತ್ತೇದಾರ ಬಂದು ಹೆಣವನ್ನು ದಾಟಿಕೊಂಡು ಹೋಗಿ ಬಾಗಿಲಿನ ಸಂದಿಗೆ ಭೂತಗನ್ನಡಿ ಹಿಡಿಯುತ್ತಾನೆ. ಕೊನೆಯಲ್ಲಿ ಎಲ್ಲರನ್ನೂ ಸಾಲಾಗಿ ಕೂರಿಸಿ ಭಾಷಣ. ಅಲ್ಲಿಯವರೆಗೆ ಆ ಹೆಣವನ್ನು ಎತ್ತಿದರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ನಾನು ಬಟ್ಟೆ ಒಗೆಯುವ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುವವಳು, ಜನರ ಕೊಳಕು ನೋಡಿ ಅಭ್ಯಾಸವಿದೆ. ಆದರೆ ಈ ಕೊಳಕು ನನಗೆ ಹಿಡಿಸಲಿಲ್ಲ.

ಇವರದೊಂದು ಹೆಚ್ಚುಗಾರಿಕೆ ಇದೆ. ಬೇರೆ ಲೇಖಕರು ಕೂತಲ್ಲೇ ಹೊಸೆಯುತ್ತಾರೆ, ಇವರು ಹಾಗಲ್ಲ, ಪ್ರತಿಯೊಂದು ತಂತ್ರವನ್ನೂ ಮನೆಯಲ್ಲೇ ಮಾಡಿ ನೋಡಿದ ಮೇಲೆಯೇ ಬರೆಯುವುದು. ಪುಸ್ತಕದ ಹಿಂಬದಿಯಲ್ಲಿ 'ಲೇಖಕರ ಮನೆಯಲ್ಲೇ ಪರೀಕ್ಷಿಸಿದ್ದು' ಎಂದು ಕೆಂಪು ಮುದ್ರೆಯ ಹಾಗೆ ಅಚ್ಚು ಹಾಕುತ್ತಾರೆ. ಆ ಉಪಾಯ ಪ್ರಕಾಶಕರದು. ಎಂಥ ಸುದ್ದಿ ಕೇಳಿದರೂ ಆತನ ಮುಖದ ನಗು ಅಲ್ಲಾಡುವುದಿಲ್ಲ, ಅದಕ್ಕೇ ನಮ್ಮತ್ತೆ ಆತನಿಗೆ ಮುಖಪುಟ ಎಂದು ಹೆಸರಿಟ್ಟಿದ್ದರು. ನಮ್ಮ ಮನೆಯೊಳಗೆ ಆತನಿಗೆ ಬೇರೆ ಹೆಸರೇ ಇಲ್ಲ.

ಪರೀಕ್ಷೆಯ ಪುಣ್ಯದಿಂದ ನಮ್ಮ ಮನೆಯ ಒಂದು ಬಾಗಿಲೂ ನೆಟ್ಟಗಿಲ್ಲ. ಮಂಜುಗಡ್ಡೆ ಕರಗಿ ಚಿಲಕ ತಾನಾಗಿಯೇ ಬೀಳುವ ಪ್ರಯೋಗ ಬಚ್ಚಲ ಬಾಗಿಲಿನ ಮೇಲೆ ನಡೆಯಿತು. ಅಂದಿನಿಂದ ಆ ಚಿಲಕ ಮಂಜುಗಡ್ಡೆ ಇಲ್ಲದೆಯೂ ಬೀಳುತ್ತದೆ. ನನ್ನ ಚಿಕ್ಕಮ್ಮ ಬಂದಿದ್ದಾಗ ಒಳಗೆ ಸಿಕ್ಕಿಕೊಂಡು, ಕೂಗಿ ಕೂಗಿ ಗಂಟಲು ಕೂತುಹೋಗಿ, ಆಮೇಲೆ ನಮ್ಮ ಮನೆಗೆ ಬರುವುದನ್ನೇ ಬಿಟ್ಟರು. ಅಡುಗೆಮನೆಯ ಬಾಗಿಲಿಗೆ ಅಯಸ್ಕಾಂತದ ಪ್ರಯೋಗಕ್ಕೆಂದು ಕೊರೆದ ತೂತಿನಲ್ಲಿ ನಾನು ಬಟ್ಟೆಯ ಚಿಂದಿ ತುರುಕಿದ್ದೇನೆ. ಇವರು ಬರೆಯುವ ಕೋಣೆಯ ಬಾಗಿಲಂತೂ ಬೋಲ್ಟು ಕಿತ್ತು ಹಾಕಿ, ಕಿತ್ತು ಹಾಕಿ, ಚೌಕಟ್ಟಿನ ಮರವೆಲ್ಲ ಜರಡಿ. ಬಡಗಿ ಬಂದರೆ ಇವರ ಮುಖ ನೋಡುವುದಿಲ್ಲ, ಬಾಗಿಲಿನ ಮುಖ ನೋಡಿ ಲೊಚಗುಟ್ಟುತ್ತಾನೆ.

ಈ ಪರೀಕ್ಷೆಯಲ್ಲಿ ಒಂದು ತೊಡಕಿದೆ. ಹೊರಗೆ ನಿಂತುಕೊಂಡು ಒಳಗಿನ ಬೋಲ್ಟು ಹಾಕುವ ತಂತ್ರ ಇವರಿಗೆ ಗೊತ್ತು. ಹೊರಗಿನಿಂದ ಅದನ್ನು ತೆಗೆಯುವ ತಂತ್ರ ಇಲ್ಲ. ಇದ್ದರೆ ಕಾದಂಬರಿಯೇ ಇಲ್ಲವಲ್ಲ. ಹಾಗಾಗಿ ಪ್ರತಿ ಸಲವೂ ಒಳಗೆ ಒಬ್ಬರು ಇರಲೇಬೇಕು, ಕೊನೆಯಲ್ಲಿ ಎದ್ದು ಬಂದು ಬೋಲ್ಟು ತೆಗೆಯಬೇಕು. ಹೇಗಿದ್ದರೂ ಒಬ್ಬರು ಒಳಗಿರುತ್ತಾರೆ, ಅವರೇ ಹೆಣವಾಗಿ ಮಲಗಿದರೆ ಕಿಟಕಿಯಿಂದ ನೋಡಿ ಬರೆಯಲು ಅನುಕೂಲ ಎಂದು ಇವರು ಕಂಡುಕೊಂಡರು.

ಮೊದಲ ಹೆಣ ನಾನೇ. ನನಗೆ ಮಲಗಿದ ಕೂಡಲೇ ಮೂಗು ತುರಿಸುತ್ತದೆ, ಸೀನು ಬರುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ನಗು ಬರುತ್ತದೆ. ಎರಡು ಪುಸ್ತಕ ಮುಗಿಯುವಷ್ಟರಲ್ಲಿ ನನ್ನನ್ನು ಕೈಬಿಟ್ಟರು. ಆಮೇಲೆ ಅತ್ತೆಯ ಸರದಿ ಬಂತು. ಅದು ಮುಗಿಯಲೇ ಇಲ್ಲ.

ಅತ್ತೆ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಅಂಗಿಗಳ ಗುಂಡಿಗೆ ಕಾಜಾ ಹೊಲಿದು ಮಗನನ್ನು ಓದಿಸಿದವರು. ವರ್ಷಗಟ್ಟಲೆ ಬಗ್ಗಿ ಕೂತು ಬೆನ್ನು ಬಿಲ್ಲಾಗಿತ್ತು. "ನಂಗೇನೇ, ಮಲಗು ಅಂದ್ರೆ ಮಲಗ್ತೀನಿ. ಅಷ್ಟು ಹೊತ್ತು ಯಾರೂ ಏನೂ ಕೇಳಲ್ಲ," ಎಂದು ನಕ್ಕುಬಿಡುತ್ತಿದ್ದರು. ಬೋಲ್ಟು ಎಳೆಯುವ ದಾರ ಕೂಡ ಅವರದೇ ಪೆಟ್ಟಿಗೆಯಿಂದ ಹೋಗುತ್ತಿತ್ತು. ಯಾವ ದಾರ ಎಳೆದರೆ ಹಿಗ್ಗುವುದಿಲ್ಲ, ಯಾವುದು ತುಂಡಾಗುವುದಿಲ್ಲ ಎಂದು ಅವರೇ ಆರಿಸಿ ಕೊಡುತ್ತಿದ್ದರು.

ಹೆಣಕ್ಕೆ ಇವರು ಮಾಡಿದ ಕಾನೂನು ಸರಳ. ಅಲ್ಲಾಡಬಾರದು, ಕರೆದರೆ ಓಗೊಡಬಾರದು, ಬಾಗಿಲು ಬಡಿದರೂ ಏಳಬಾರದು. "ಅಮ್ಮ, ಆಯ್ತು, ಏಳು" ಎಂದು ಇವರು ಹೇಳಿದ ಮೇಲೆಯೇ ಏಳುವುದು. ಒಮ್ಮೆ ಬೆನ್ನು ಹಿಡಿದುಕೊಂಡು ಅತ್ತೆ ಸಣ್ಣಗೆ ನರಳಿದರು. ಇವರು ಹೊರಗಿನಿಂದಲೇ, "ಅಮ್ಮ, ಹೆಣ ನರಳಬಾರದು," ಎಂದರು. ಆವತ್ತು ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅತ್ತೆ ಎಲ್ಲರಿಗಿಂತ ಜೋರಾಗಿ ನಕ್ಕರು.

ಆ ಚಳಿಗಾಲದಲ್ಲಿ ಅತ್ತೆಯ ಎಡಗೈಯಿಂದ ಆಗಾಗ ಸೂಜಿ ಜಾರತೊಡಗಿತು. ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದೆ ಎಂದರು. ನಾನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ರಕ್ತದೊತ್ತಡ ಏರಿದೆ, ಮಾತ್ರೆ ತಪ್ಪಿಸಬೇಡಿ, ತಣ್ಣನೆ ನೆಲದ ಮೇಲೆ ಮಲಗಬೇಡಿ, ದಡಕ್ಕನೆ ಏಳಬೇಡಿ, ಒಬ್ಬರನ್ನೇ ಬಿಡಬೇಡಿ ಎಂದು ಡಾಕ್ಟರು ಹೇಳಿದ್ದನ್ನು ಮನೆಗೆ ಬಂದು ಇವರಿಗೆ ಒಪ್ಪಿಸಿದೆ. ನನಗೆ ಬೇಕಾಗಿದ್ದು ಒಂದೇ, ಅತ್ತೆ ಇನ್ನು ಆ ನೆಲದ ಮೇಲೆ ಹೆಣವಾಗಿ ಮಲಗಬಾರದು. ಬಾಯಿಬಿಟ್ಟು ಹಾಗೆಯೇ ಹೇಳಿದೆ.

"ಮಲಗೋದು ತಾನೇ? ಓಡು ಅಂತ ಹೇಳ್ತಿಲ್ವಲ್ಲ," ಎಂದರು ಇವರು.

"ಬೇರೆ ಯಾರನ್ನಾದ್ರೂ ಮಲಗಿಸ್ಕೊಳ್ಳಿ. ಆ ಮುಖಪುಟಾನೇ ಮಲಗಲಿ. ನಗ್ತಾ ಸತ್ತಿದ್ದ ಅಂತ ಬರೀರಿ."

ಇವರಿಗೆ ಸಿಟ್ಟು ಬಂತು. ಆಗ ಇವರ ಪುಸ್ತಕಗಳು ಮುಂಚಿನ ಹಾಗೆ ಹೋಗುತ್ತಿರಲಿಲ್ಲ. ಕೆಂಪು ಮುದ್ರೆಯನ್ನು ಈಗ ಯಾರೂ ನಂಬುವುದಿಲ್ಲ, ಪ್ರಯೋಗವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಜನಕ್ಕೆ ತೋರಿಸೋಣ ಎಂದು ಮುಖಪುಟ ಹೇಳಿದ್ದ. ಭಾನುವಾರ ಬರುತ್ತೇನೆ ಎಂದೂ ಹೇಳಿಯಾಗಿತ್ತು. ಅತ್ತೆ ನಮ್ಮಿಬ್ಬರ ನಡುವೆ ಬಂದು, "ಇದೊಂದು ಮಾಡಿಕೊಡ್ತೀನಿ ಬಿಡೇ. ಹೊರಗಿನವರ ಮುಂದೆ ಅವನ ಮರ್ಯಾದೆ ಹೋಗೋದು ಬೇಡ," ಎಂದರು. ಇದೇ ಕೊನೆ ಎಂದು ಇವರ ಬಾಯಿಂದ ಹೇಳಿಸಿದೆ. ಅಮ್ಮನ ಮೇಲೆ ಆಣೆ ಇಟ್ಟೇ ಹೇಳಿದರು. ಅದೂ ಈಗ ನೆನೆಸಿಕೊಂಡರೆ ಹೇಸಿಗೆಯಾಗುತ್ತದೆ.

ಭಾನುವಾರ ಬೆಳಗ್ಗೆ ಅತ್ತೆ ಕಾಫಿಯನ್ನು ಅರ್ಧಕ್ಕೇ ಇಟ್ಟರು. ಯಾಕೆಂದು ಕೇಳಿದೆ. "ರುಚಿನೇ ಗೊತ್ತಾಗ್ತಿಲ್ಲ ಕಣೇ," ಎಂದರು. ಹಾಗಾದರೆ ಇವತ್ತು ಬೇಡ ಎಂದೆ. "ಕಾಫಿ ರುಚಿ ಇಲ್ಲ ಅಂದ್ರೆ ಮಾಡಿದವಳನ್ನ ಬೈಬೇಕು, ನನ್ನನ್ನ ಯಾಕೆ ರೋಗಿ ಮಾಡ್ತೀಯ," ಎಂದು ನನ್ನ ಗಲ್ಲ ತಟ್ಟಿ, ಶಾಲು ಸರಿಮಾಡಿಕೊಂಡು ಎದ್ದರು. ಅವರು ಹೆಣವಾಗಿ ಮಲಗುವಾಗಲೂ ತಲೆ ಬಾಚಿಕೊಂಡು, ಮುಖ ತೊಳೆದುಕೊಂಡು ಹೋಗುವವರು. ಗುಟುಕಿಗೊಮ್ಮೆ ತುಟಿ ಒರೆಸಿಕೊಳ್ಳುವ ಹೆಂಗಸು.

ಬರೆಯುವ ಕೋಣೆಯಲ್ಲಿ ಮೇಜು ಕುರ್ಚಿ ಗೋಡೆಗೆ ಸರಿಸಿ ನಡುವೆ ಜಾಗ ಮಾಡಿದ್ದರು. ನಾನು ಕಂಬಳಿ ಮಡಿಸಿ ನೆಲಕ್ಕೆ ಹಾಸಿದೆ. ಇವರು ಅದನ್ನು ಕಾಲಿನಿಂದ ಬದಿಗೆ ಸರಿಸಿ, "ಹೆಣಕ್ಕೆ ಹಾಸಿಗೆ ಯಾರೇ ಹಾಸ್ತಾರೆ? ವಿಡಿಯೋದಲ್ಲಿ ಕಾಣತ್ತೆ," ಎಂದರು. ಅತ್ತೆ ಬರಿಯ ನೆಲದ ಮೇಲೆ, ಒಂದು ಕೈ ಊರಿ, ಆಮೇಲೆ ಮೊಣಕೈ ಊರಿ, ಮೆಲ್ಲಗೆ ಮಲಗಿದರು. ಪಾದದ ತನಕ ಬಟ್ಟೆ ಎಳೆದುಕೊಂಡು ಕಣ್ಣು ಮುಚ್ಚಿದರು.

ಆ ದಿನದ ತಂತ್ರ ಇಷ್ಟೇ. ಅಡ್ಡಕ್ಕೆ ಜಾರುವ ಬೋಲ್ಟು. ಅದರ ಹಿಡಿಗೆ ದಾರವನ್ನು ಜೋಡಿ ಎಳೆಯಲ್ಲಿ ಸುತ್ತಿ, ಎರಡೂ ತುದಿಗಳನ್ನು ಬಾಗಿಲು ಮತ್ತು ಚೌಕಟ್ಟಿನ ನಡುವಿನ ಸಂದಿಯಿಂದ ಹೊರಗೆ ತರುವುದು. ಹೊರಗೆ ಬಂದು ಬಾಗಿಲು ಮುಚ್ಚಿ ಎರಡೂ ತುದಿ ಒಟ್ಟಿಗೆ ಎಳೆದರೆ ಬೋಲ್ಟು ಹೋಗಿ ಚೌಕಟ್ಟಿನಲ್ಲಿ ಕೂರುತ್ತದೆ. ಆಮೇಲೆ ಒಂದು ತುದಿ ಬಿಟ್ಟು ಇನ್ನೊಂದನ್ನು ಎಳೆದರೆ ದಾರ ಪೂರ್ತಿ ಕೈಗೆ ಬರುತ್ತದೆ. ಇದಕ್ಕೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದರು ಮಹಾನುಭಾವರು.

ಬೋಲ್ಟು ಬಿದ್ದ ಸದ್ದು ಕೇಳಿ ಮುಖಪುಟ ಚಪ್ಪಾಳೆ ತಟ್ಟಿದ. ನಾನು ಅಡುಗೆಮನೆಗೆ ಬಂದು ಲೋಟ ತೊಳೆಯುತ್ತಾ ನಿಂತೆ. ಅಲ್ಲಿಂದ ಇವರ ಧ್ವನಿ ಕೇಳುತ್ತಿತ್ತು. ಮೊಬೈಲಿನ ಮುಂದೆ ಇವರು ಬೇರೆಯೇ ಗತ್ತಿನಲ್ಲಿ ಮಾತಾಡುತ್ತಿದ್ದರು. ಬಾಗಿಲನ್ನು ತಳ್ಳಿ ತೋರಿಸಿದರು, ದಾರವನ್ನು ಎತ್ತಿ ಹಿಡಿದು ತೋರಿಸಿದರು, ಬಾಗಿಲಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಮುಚ್ಚಿದ ಕೋಣೆಯ ಕೊಲೆಯಲ್ಲಿ ಎಷ್ಟು ವಿಧ ಎಂದು ಶುರು ಹಚ್ಚಿಕೊಂಡರು. ಕೊಲೆಗಾರ ಒಳಗೇ ಅಡಗಿರುವುದು ಒಂದು ವಿಧ, ಸತ್ತವನೇ ಬಾಗಿಲು ಹಾಕಿಕೊಂಡದ್ದು ಇನ್ನೊಂದು ವಿಧ, ಹೀಗೆ ಮುಗಿಯುವುದೇ ಇಲ್ಲ. ನಾನು ಕೈ ಒರೆಸಿಕೊಂಡು ಹೋಗಿ, "ಆಯ್ತಲ್ಲ, ಅತ್ತೇನ ಎಬ್ಬಿಸಿ," ಎಂದೆ. ಇವರು ನನ್ನ ಕಡೆ ನೋಡದೆ ಕೈ ಬೀಸಿದರು, ನೊಣ ಓಡಿಸುವ ಹಾಗೆ.

ಆಮೇಲೆ ಇಬ್ಬರೂ ಮನೆಯ ಪಕ್ಕದ ಓಣಿಗೆ ಹೋಗಿ ಕಿಟಕಿಯ ಗಾಜಿನಿಂದ ಒಳಗೆ ನೋಡಿ ಬಂದರು. ಮುಖಪುಟ ಅಡುಗೆಮನೆಯ ಬಾಗಿಲಿಗೆ ಬಂದು ಇನ್ನೊಂದು ಕಾಫಿ ಕೇಳಿದ.

"ನಿಮ್ಮತ್ತೆ ಕಲಾವಿದೆ ಬಿಡಿ," ಎಂದ. "ನಾಟಕದಲ್ಲಿ ಇರಬೇಕಿತ್ತು. ಬಾಯಿ ಒಂದು ಕಡೆ ಸೊಟ್ಟ ಮಾಡ್ಕೊಂಡು, ಜೊಲ್ಲು ಬೇರೆ ಸುರಿಸ್ಕೊಂಡು ಮಲಗಿದಾರೆ. ಹತ್ರದಿಂದ ತೆಗೆದಿದೀನಿ, ನೋಡ್ತೀರಾ?"

"ನೀರಿನ ಲೋಟ ಉರುಳಿಸಿರಬೇಕು, ನೆಲ ಒದ್ದೆಯಾಗಿದೆ," ಎಂದರು ಇವರು ಹಿಂದಿನಿಂದ. "ಒಳ್ಳೇದೇ ಆಯ್ತು. ಹೋರಾಟ ನಡೆದ ಹಾಗೆ ಕಾಣತ್ತೆ."

ಕೋಣೆಯಲ್ಲಿ ನೀರಿನ ಲೋಟ ಇರಲಿಲ್ಲ. ಕೈಯಲ್ಲಿದ್ದುದನ್ನು ಎಲ್ಲಿಟ್ಟೆನೋ ಗೊತ್ತಿಲ್ಲ, ಓಣಿಗೆ ಓಡಿದೆ. ಅತ್ತೆ ನಾನು ಬಿಟ್ಟುಬಂದ ಹಾಗೆ ಮಲಗಿರಲಿಲ್ಲ. ಶಾಲು ಮೈಕೆಳಗೆ ಮುದ್ದೆಯಾಗಿತ್ತು, ಬಟ್ಟೆ ಮೊಣಕಾಲಿನ ತನಕ ಸರಿದಿತ್ತು, ಕೆಳಗೆಲ್ಲ ಒದ್ದೆ. ಬಾಗಿಲಿನ ಕಡೆಗೆ ಒಂದಿಷ್ಟು ತೆವಳಿದ್ದರು. ಸರಳಿನ ನಡುವೆ ಕೈ ತೂರಿಸಿ ಗಾಜು ಬಡಿದೆ. ಅವರ ಒಂದು ಕಣ್ಣು ತಿರುಗಿ ನನ್ನನ್ನು ನೋಡಿತು. ಈ ಸ್ಥಿತಿಯಲ್ಲಿ ಅವರನ್ನು ಇಬ್ಬರು ಗಂಡಸರು ಇದೇ ಗಾಜಿನಿಂದ ನೋಡಿ, ಮೆಚ್ಚಿ, ಕಾಫಿ ಕೇಳಲು ಬಂದಿದ್ದರು.

ಒಳಗೆ ಓಡಿ ಬಂದು ಬಾಗಿಲು ಬಡಿದೆ. "ಕೂಗಬೇಡ್ವೇ, ಇನ್ನೂ ರೆಕಾರ್ಡ್ ಮಾಡೋದಿದೆ," ಎಂದರು ಇವರು.

"ಎಬ್ಬಿಸ್ರೀ ಅವರನ್ನ."

ನನ್ನ ಮುಖದಲ್ಲಿ ಏನು ಕಂಡರೋ, ಬಾಗಿಲಿಗೆ ಬಾಯಿ ಹಚ್ಚಿ, "ಅಮ್ಮ, ಆಯ್ತು, ಏಳು," ಎಂದರು. ಸದ್ದಿಲ್ಲ. ಮತ್ತೊಮ್ಮೆ ಹೇಳಿದರು. ಮೂರನೆಯ ಸಲ ಹೇಳುವಾಗ ಧ್ವನಿ ಒಡೆಯಿತು. ಆ ಬೋಲ್ಟನ್ನು ತೆಗೆಯಬಲ್ಲ ಒಬ್ಬರೇ ಒಬ್ಬರು ಒಳಗೆ ನೆಲದ ಮೇಲಿದ್ದಾರೆ ಎಂಬುದು ಆಗ ಇವರ ತಲೆಗೆ ಹೋಯಿತು. ನಲವತ್ತು ಪುಸ್ತಕ ಬರೆದ ತಲೆ.

ಆಗ ಇವರು ಮಾಡಿದ್ದೇನು ಗೊತ್ತೇ? ದಾರ ತೆಗೆದುಕೊಂಡರು. "ಒಂದು ನಿಮಿಷ ಇರು, ಉಲ್ಟಾ ಮಾಡೋಕಾಗತ್ತೆ, ಒಂದು ತಂತಿ ಸಿಕ್ಕಿದ್ರೆ ಸಾಕು," ಎನ್ನುತ್ತಾ ಸಂದಿಯೊಳಗೆ ದಾರ ತೂರಿಸಲು ನಿಂತರು. ದಾರ ಸಂದಿಯಲ್ಲೇ ಮಡಚಿಕೊಂಡು ವಾಪಸ್ಸು ಬರುತ್ತಿತ್ತು. ಮುಖಪುಟ ಇವರ ಪುಸ್ತಕದಲ್ಲಿ ಮಾಡುವ ಹಾಗೆ ಓಡಿ ಬಂದು ಬಾಗಿಲಿಗೆ ಹೆಗಲು ಕೊಟ್ಟ. ಪುಸ್ತಕದಲ್ಲಿ ಎರಡನೇ ಏಟಿಗೆ ಬಾಗಿಲು ಬೀಳುತ್ತದೆ. ಇಲ್ಲಿ ಆತ ಒಂದೇ ಏಟಿಗೆ ಹೆಗಲು ಹಿಡಿದುಕೊಂಡು ಗೋಡೆಗೊರಗಿದ.

ನೀರಿನ ತೊಟ್ಟಿಯ ಮುಚ್ಚಳ ಎತ್ತುವ ಕಬ್ಬಿಣದ ಸಲಾಕೆ ಹಿತ್ತಲಲ್ಲಿತ್ತು. ಅದನ್ನು ತಂದು, ಇವರನ್ನು ಪಕ್ಕಕ್ಕೆ ತಳ್ಳಿ, ಸಂದಿಗೆ ತುರುಕಿ ಮೈಭಾರ ಬಿಟ್ಟೆ. "ಚೌಕಟ್ಟು ಹೋಗತ್ತೆ ಕಣೇ," ಎಂದರು. ಅಭ್ಯಾಸದ ಮಾತಿರಬೇಕು, ಬಾಯಿಂದ ಜಾರಿತು. ಹೋಗಲಿ ಎಂದು ಇನ್ನೊಮ್ಮೆ ಮೀಟಿದೆ. ಜರಡಿಯಾಗಿದ್ದ ಮರ ಸಿಗಿದು ಬೋಲ್ಟಿನ ಗೂಡು ಮೊಳೆಯ ಸಮೇತ ಕಿತ್ತು ಬಂತು.

ನಾನು ಅತ್ತೆಯ ಪಕ್ಕ ಕೂತು ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಬಟ್ಟೆ ಸರಿಮಾಡಿ, ಬಾಯಿ ಒರೆಸಿದೆ. ಅತ್ತೆ ಬಲಗೈಯಿಂದ ಶಾಲನ್ನು ಹುಡುಕುತ್ತಿದ್ದರು, ಬಂದವರ ಮುಂದೆ ಹಾಗಿದ್ದೇನೆಂಬ ನಾಚಿಕೆ ಆ ಹೊತ್ತಿನಲ್ಲೂ. ಅಂಬುಲೆನ್ಸಿಗೆ ಫೋನು ಮಾಡಿ ಎಂದು ಹೇಳಲು ತಲೆ ಎತ್ತಿದೆ. ಇವರು ಬಾಗಿಲಿನ ಬಳಿ ಬಗ್ಗಿ, ಅದರಲ್ಲೇ ಉಳಿದಿದ್ದ ಬೋಲ್ಟಿನ ಹಿಡಿಯ ಮೇಲೆ ಬೆರಳಾಡಿಸುತ್ತಿದ್ದರು. ದಾರದ ಗುರುತು ಉಳಿದಿದೆಯೇ ಎಂದು ನೋಡುತ್ತಿದ್ದರು. ಕ್ಷಣ ಮಾತ್ರ ಇರಬಹುದು, ಆಮೇಲೆ "ಅಮ್ಮಾ" ಎಂದು ಓಡಿ ಬಂದರು. ಆದರೆ ನಾನು ನೋಡಿದ್ದೆ.

ಆಸ್ಪತ್ರೆಯಲ್ಲಿ ಎಳೆಯ ವಯಸ್ಸಿನ ಡಾಕ್ಟರಮ್ಮ ಇದ್ದರು. ಲಕ್ವ ಹೊಡೆದಿದೆ, ಎಡಭಾಗ ಹೋಗಿದೆ ಎಂದರು. "ಯಾವಾಗ ಆಯ್ತು? ಸರಿಯಾಗಿ ಹೇಳಿ, ಕೊಡೋ ಔಷಧಿ ಅದರ ಮೇಲಿದೆ," ಎಂದು ಕೇಳಿದರು. ಗೊತ್ತಿಲ್ಲ ಎಂದೆ.

"ಜೊತೆಗೆ ಯಾರೂ ಇರ್ಲಿಲ್ವಾ?"

"ಇದ್ವಿ," ಎಂದೆ ನಾನು. "ಮೂರು ಜನ ಇದ್ವಿ."

"ಮತ್ತೆ?"

ಇವರು ಬಾಯಿ ತೆರೆದರು. "ಬಾಗಿಲು ಹಾಕಿತ್ತು," ಎಂದರು.

ಬಾಗಿಲು ತಾನಾಗಿಯೇ ಹಾಕಿಕೊಂಡ ಹಾಗೆ. ಡಾಕ್ಟರಮ್ಮ ಇವರನ್ನೂ ನನ್ನನ್ನೂ ಒಮ್ಮೆ ನೋಡಿ, ಇನ್ನೂ ಬೇಗ ಕರೆದುಕೊಂಡು ಬಂದಿದ್ದರೆ ಚೆನ್ನಾಗಿತ್ತು ಎಂದಷ್ಟೇ ಹೇಳಿ ಒಳಗೆ ಹೋದರು. ನನಗೆ ಇವರ ಪಕ್ಕದಲ್ಲಿ ನಿಲ್ಲಲು ಆಗಲಿಲ್ಲ. ಮೂರು ಕುರ್ಚಿ ಬಿಟ್ಟು ಕೂತೆ.

ಇವರು ಅಳಲಿಲ್ಲ ಎಂದು ಹೇಳಿದರೆ ನನ್ನ ನಾಲಿಗೆ ಬಿದ್ದುಹೋದೀತು. ಅತ್ತರು, ಜೋರಾಗಿಯೇ ಅತ್ತರು, ದಾರಿಯಲ್ಲಿ ಹೋಗುವವರು ನಿಂತು ಸಮಾಧಾನ ಹೇಳುವಷ್ಟು ಅತ್ತರು. ಅತ್ತೆಯ ಜೀವ ಉಳಿಯುತ್ತದೆ ಎಂದು ತಿಳಿದ ದಿನ ನನ್ನ ಕೈ ಹಿಡಿದುಕೊಂಡು ಇನ್ನೊಮ್ಮೆ ಅತ್ತರು. ನನಗೂ ಕರುಳು ಚುರುಕ್ ಎಂದಿತು, ಎಷ್ಟಾದರೂ ಮಗ ಎಂದುಕೊಂಡೆ. ಆವತ್ತೇ ಸಂಜೆ ಮುಖಪುಟ ಹಣ್ಣು ಹಿಡಿದುಕೊಂಡು ಬಂದ. ಆತನ ಮೊಬೈಲಿನಿಂದ ಆ ವಿಡಿಯೋವನ್ನು ನನ್ನ ಕಣ್ಣೆದುರಿಗೇ ಅಳಿಸಿಹಾಕಿಸಿದೆ. ಮನಸ್ಸಿಲ್ಲದ ಮನಸ್ಸಿನಿಂದ ಅಳಿಸಿದ. ಆಮೇಲೆ ಇಬ್ಬರೂ ಮೆಟ್ಟಿಲ ಬಳಿ ನಿಂತು ಮಾತಾಡಿಕೊಂಡರು. ನಾನು ಬಿಸಿನೀರು ತರಲು ಫ್ಲಾಸ್ಕು ಹಿಡಿದು ಹೊರಟಿದ್ದೆ.

"ಕಿಟಕಿಯಿಂದ ನೋಡಿದ ಎಲ್ಲರೂ ಹೆಣ ಅಂತಾನೇ ಅಂದ್ಕೊಳ್ತಾರೆ," ಎನ್ನುತ್ತಿದ್ದರು ಇವರು. "ಆದ್ರೆ ಆಗ ಜೀವ ಇರತ್ತೆ. ಬಾಗಿಲು ಒಡೆದ ಮೇಲೆ ಸಾಯೋದು. ಇದನ್ನ ಇಲ್ಲೀತನಕ ಯಾರೂ ಮಾಡಿಲ್ಲ."

"ಬರೀರಿ ಸಾರ್," ಎಂದ ಮುಖಪುಟ. "ಇದು ಓಡತ್ತೆ."

ಫ್ಲಾಸ್ಕು ಎತ್ತಿ ಇಬ್ಬರ ತಲೆಗೂ ಒಂದೊಂದು ಕೊಡೋಣ ಎನ್ನಿಸಿತು. ಕೊಡಲಿಲ್ಲ. ಬಚ್ಚಲಿಗೆ ಹೋಗಿ ಮುಖ ತೊಳೆದು, ಬಿಸಿನೀರು ತುಂಬಿಸಿಕೊಂಡು ಅತ್ತೆಯ ಹತ್ತಿರ ಬಂದೆ.

ಮನೆಗೆ ಕರೆತಂದ ಮೇಲೆ ಅತ್ತೆಯ ಮಾತು ನಿಧಾನಕ್ಕೆ ಮರಳಿತು. ಅರ್ಧ ನುಂಗಿ ಅರ್ಧ ಹೊರಗೆ ಬರುತ್ತಿತ್ತು, ಆದರೆ ನನಗೆ ಎಲ್ಲ ತಿಳಿಯುತ್ತಿತ್ತು. ಎಡಗೈ ಬರಲೇ ಇಲ್ಲ. ದಾರದ ಪೆಟ್ಟಿಗೆಯನ್ನು ಯಾರಿಗಾದರೂ ಕೊಟ್ಟುಬಿಡು ಎಂದರು, ಅದಕ್ಕಿಂತ ಹೆಚ್ಚು ಏನೂ ಹೇಳಲಿಲ್ಲ. ಸಿಟ್ಟೂ ಇಲ್ಲ, ದೂರೂ ಇಲ್ಲ. ಅವರ ಪಾಲಿನ ಸಿಟ್ಟನ್ನೂ ನಾನೇ ಹೊತ್ತುಕೊಂಡು ತಿರುಗುತ್ತಿದ್ದೆ. ಇವರ ಜೊತೆ ಬೇಕಾದಷ್ಟೇ ಮಾತು, ಉಪ್ಪು ಕೊಡಿ, ಮಾತ್ರೆ ತನ್ನಿ, ಅಷ್ಟೇ.

ಒಂದು ಮಧ್ಯಾಹ್ನ ಅತ್ತೆಗೆ ಗಂಜಿ ಕುಡಿಸುತ್ತಿದ್ದೆ. ಇವರು ಕುರ್ಚಿ ಎಳೆದುಕೊಂಡು ಮಂಚದ ಪಕ್ಕ ಕೂತರು. ಅತ್ತೆಯ ಮುಖ ಅರಳಿತು. ಮಗ ಹೀಗೆ ಬಂದು ಪಕ್ಕದಲ್ಲಿ ಕೂತು ಎಷ್ಟು ಕಾಲವಾಗಿತ್ತೋ. ಇವರ ತೊಡೆಯ ಮೇಲೆ ಹಾಳೆ, ಕೈಯಲ್ಲಿ ಪೆನ್ನು.

"ಅಮ್ಮ, ಬೇಜಾರಿಲ್ಲ ಅಂದ್ರೆ ಒಂದು ಕೇಳ್ಲಾ? ಆವತ್ತು ಒಳಗೆ ನಿನಗೆ ಏನೇನಾಯ್ತು? ಮೊದಲಿಂದ ಹೇಳು."

ನಾನು ಚಮಚ ಕೆಳಗಿಟ್ಟೆ. "ರೀ, ಏಳ್ರೀ ಇಲ್ಲಿಂದ," ಎಂದೆ.

"ಇರಲಿ ಬಿಡೇ," ಎಂದರು ಅತ್ತೆ. ಮಗನ ಕಡೆ ತಿರುಗಿ, ಒಂದೊಂದೇ ಮಾತು ಹುಡುಕಿ ಹೇಳತೊಡಗಿದರು. "ಮೊದಲು ಕೈ ಜುಮ್ ಅಂತು. ಆಮೇಲೆ ಕೈ ಇದ್ಯೋ ಇಲ್ವೋ ಗೊತ್ತಾಗ್ಲಿಲ್ಲ. ಏಳೋಣ ಅಂದ್ರೆ ಕಾಲೂ ಇಲ್ಲ."

"ಆಮೇಲೆ?"

"ಸ್ವಲ್ಪ ತೆವಳಿದೆ. ಆಮೇಲೆ ನಿನ್ನ ಕೂಗ್ದೆ."

ಪೆನ್ನು ನಿಂತಿತು.

"ಮರೀ ಅಂತ ಕೂಗ್ದೆ. ನೀನು ಅಲ್ಲೇ ಬಾಗಿಲ ಹತ್ರಾನೇ ಇದ್ಯಲ್ಲ. ನೀನು ಶ್ಶ್ ಅಂದೆ."

ನಾನು ಇವರ ಮುಖ ನೋಡಿದೆ. ಇವರು ನನ್ನನ್ನು ನೋಡಲಿಲ್ಲ. ಕಿವಿ ಎರಡೂ ಕೆಂಪಗಾಗಿದ್ದವು. ಇದು ಇವರಿಗೆ ಹೊಸ ಸುದ್ದಿಯಲ್ಲ. ಮೊಬೈಲಿನ ಮುಂದೆ ಭಾಷಣ ಮಾಡುತ್ತಿದ್ದಾಗ ಅಮ್ಮ ಕೂಗಿದ್ದು ಕೇಳಿತ್ತು, ಕೇಳಿಯೇ ಶ್ಶ್ ಎಂದಿದ್ದರು, ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದಾಗಲೂ ಅದು ನೆನಪಿತ್ತು. ಇಷ್ಟು ದಿನ ನನ್ನ ಎದುರಿಗೆ ಕೂತು ಉಂಡಿದ್ದರು, ಅತ್ತಿದ್ದರು. ಆ ಮನುಷ್ಯನ ಉಸಿರು ತಾಗದ ಹಾಗೆ ನಾನು ಮಂಚದ ಆ ಬದಿಗೆ ಸರಿದೆ.

ಇವರು ಕುರ್ಚಿಯನ್ನು ಮಂಚಕ್ಕೆ ಇನ್ನಷ್ಟು ಹತ್ತಿರ ಎಳೆದುಕೊಂಡು, ಮೆಲ್ಲಗೆ ಕೇಳಿದರು.

"ಆಮೇಲೆ?"

"ಆಮೇಲೇನು," ಎಂದರು ಅತ್ತೆ. "ನೀನು ಹೇಳಿದ್ಯಲ್ಲ, ಸುಮ್ಮನಾದೆ."

ಇವರು ತಲೆ ತಗ್ಗಿಸಿದರು. ಹೆಗಲು ಸಣ್ಣಗೆ ಅಲುಗುತ್ತಿತ್ತು. ಅಳುತ್ತಿದ್ದಾರೆ ಎಂದುಕೊಂಡೆ. ಬರೆದುಕೊಳ್ಳುತ್ತಿದ್ದರು.

ಅತ್ತೆ ದಿಂಬಿನ ಮೇಲಿಂದ ಕುತ್ತಿಗೆ ಎತ್ತಿ, ಆ ಹಾಳೆಯನ್ನು ನೋಡಲು ಪ್ರಯತ್ನಿಸಿದರು. ಸೊಟ್ಟ ಬಾಯಲ್ಲೇ ನಕ್ಕು ಕೇಳಿದರು:

"ಚೆನ್ನಾಗಿ ಬಂತಾ ಮರೀ?"

ಇವರು ಬರೆಯುತ್ತಲೇ ತಲೆಯಾಡಿಸಿದರು.